ಬೋರಲು ಬಿದ್ದ ಬಿಲ್ಲೆ: ‘ಎ ಗೇಮ್ ಆಫ್ ಥ್ರೋನ್ಸ್’ ಬೋರ್ಡ್ ಗೇಮ್‌ನಲ್ಲಿ ಕೊಟ್ಟ ಮಾತಿನ ತೂಕ

[ದೃಶ್ಯ: ಮೇಜಿನ ತುಂಬ ಹರಡಿದ ನಕ್ಷೆ. ಬೋರಲು ಹಾಕಿದ ದುಂಡನೆಯ ಬಿಲ್ಲೆಯೊಂದರ ಮೇಲೆ ಒಂದು ಬೆರಳು.]

ನಮಸ್ಕಾರ. ಈ ಬಿಲ್ಲೆಯ ಅಡಿಯಲ್ಲಿ ಏನಿದೆ ಎಂಬುದು ಇಟ್ಟವನಿಗೆ ಮಾತ್ರ ಗೊತ್ತು. ಎರಡು ನಿಮಿಷದ ಹಿಂದೆ ಅವನು ಪಕ್ಕದಲ್ಲಿ ಕುಳಿತವನಿಗೆ, “ನಿನ್ನ ತಂಟೆಗೆ ಬರುವುದಿಲ್ಲ, ನಾನು ಉತ್ತರಕ್ಕೆ ಹೋಗುತ್ತೇನೆ” ಎಂದು ಹೇಳಿದ್ದ. ಪಕ್ಕದಲ್ಲಿ ಕುಳಿತವನು ನಂಬಿದ್ದ. ಆ ನಂಬಿದವನು ನಾನು.

ಜಾರ್ಜ್ ಆರ್. ಆರ್. ಮಾರ್ಟಿನ್ ಅವರ ಕಾದಂಬರಿ ಮಾಲೆಯ ಲೋಕವನ್ನು ಇಟ್ಟುಕೊಂಡು ಕ್ರಿಶ್ಚಿಯನ್ ಪೀಟರ್ಸನ್ ಈ ಆಟವನ್ನು ರೂಪಿಸಿದರು. ಫ್ಯಾಂಟಸಿ ಫ್ಲೈಟ್ ಗೇಮ್ಸ್ ಸಂಸ್ಥೆ 2003ರಲ್ಲಿ ಇದನ್ನು ಹೊರತಂದಿತು. ಇಲ್ಲಿ ಹೇಳುತ್ತಿರುವುದು 2011ರ ಎರಡನೆಯ ಆವೃತ್ತಿಯ ಬಗ್ಗೆ. ಮೂರು ಜನರಿಂದ ಆರು ಜನರವರೆಗೆ ಆಡಬಹುದು ಎಂದು ಪೆಟ್ಟಿಗೆಯ ಮೇಲಿದೆ. ನನ್ನನ್ನು ಕೇಳಿದರೆ ಆರು ಜನ ಸೇರದೆ ಇದನ್ನು ತೆರೆಯಬೇಡಿ. ನಕ್ಷೆ ಹೊಂದಿಕೊಳ್ಳುವುದು ಆರೂ ಮನೆತನಗಳು ಒಂದರ ಪಕ್ಕ ಒಂದು ಒತ್ತರಿಸಿಕೊಂಡು ಕುಳಿತಾಗಲೇ. ಕಾದಂಬರಿ ಓದಿರಬೇಕು ಎಂದೇನೂ ಇಲ್ಲ.

ಗುರಿ ಸರಳ. ಏಳು ಕೋಟೆಗಳನ್ನು ಹಿಡಿದವರು ಆ ಕ್ಷಣವೇ ಗೆದ್ದಂತೆ. ಯಾರೂ ಹಿಡಿಯದಿದ್ದರೆ 10ನೆಯ ಸುತ್ತು ಮುಗಿದಾಗ ಯಾರ ಬಳಿ ಹೆಚ್ಚು ಕೋಟೆಗಳಿವೆಯೋ ಅವರು.

ಯುದ್ಧದ ಆಟ ಎಂದರೆ ದಾಳ ಉರುಳುತ್ತದೆ ಎಂದುಕೊಳ್ಳುತ್ತೇವೆ. ಇಲ್ಲಿ ದಾಳವೇ ಇಲ್ಲ. ಅಲನ್ ಕ್ಯಾಲಮರ್ ರೂಪಿಸಿದ, 1959ರಲ್ಲಿ ಹೊರಬಂದ ‘ಡಿಪ್ಲೊಮಸಿ’ಯಿಂದ ಬಂದ ಗುಣ ಇದು. ಅಲ್ಲಿ ಯುರೋಪಿನ ಏಳು ಶಕ್ತಿಗಳು ತಮ್ಮ ಆಜ್ಞೆಗಳನ್ನು ಗುಟ್ಟಾಗಿ ಚೀಟಿಯಲ್ಲಿ ಬರೆದು, ಎಲ್ಲವನ್ನೂ ಒಟ್ಟಿಗೆ ಬಿಚ್ಚುತ್ತವೆ. ಇಲ್ಲಿ ಆ ಚೀಟಿಯ ಜಾಗಕ್ಕೆ ಬಿಲ್ಲೆ ಬಂದಿದೆ.

[ದೃಶ್ಯ: ಐದು ಬಗೆಯ ಬಿಲ್ಲೆಗಳು ಸಾಲಾಗಿ.]

ಪ್ರತಿಯೊಬ್ಬರಿಗೂ 15 ಬಿಲ್ಲೆಗಳು. ದಂಡಯಾತ್ರೆ, ರಕ್ಷಣೆ, ಬೆಂಬಲ, ಲೂಟಿ, ಪ್ರಭಾವ ಸಂಗ್ರಹ ಎಂದು ಐದು ಬಗೆ, ಬಗೆಗೆ ಮೂರು. ಆ ಮೂರರಲ್ಲಿ ಒಂದರ ಮೇಲೆ ನಕ್ಷತ್ರವಿದೆ, ಅದರ ಬಲ ಹೆಚ್ಚು. ನಿಮ್ಮ ಸೈನ್ಯವಿರುವ ಪ್ರತಿ ಪ್ರದೇಶದಲ್ಲೂ ಒಂದೊಂದು ಬಿಲ್ಲೆಯನ್ನು ಬೋರಲು ಹಾಕಬೇಕು. ಎಲ್ಲರೂ ಇಟ್ಟಾದ ಮೇಲೆ ಒಟ್ಟಿಗೆ ತಿರುಗಿಸುವುದು. ಮೊದಲು ಲೂಟಿಗಳು, ಆಮೇಲೆ ದಂಡಯಾತ್ರೆಗಳು, ಕೊನೆಗೆ ಪ್ರಭಾವ ಸಂಗ್ರಹ. ಇಡುವ ಮೊದಲು ಎಷ್ಟು ಬೇಕಾದರೂ ಮಾತನಾಡಬಹುದು, ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಯಾವ ಮಾತಿಗೂ ಕಟ್ಟುಬೀಳಬೇಕಾಗಿಲ್ಲ ಎಂದು ನಿಯಮ ಪುಸ್ತಕವೇ ಹೇಳುತ್ತದೆ.

ಹೊಸಬರಿಗೆ ಆಟ ಕಲಿಸುವವರು ಸಾಮಾನ್ಯವಾಗಿ ದಂಡಯಾತ್ರೆಯಿಂದ ಶುರುಮಾಡುತ್ತಾರೆ. ಅದು ತಪ್ಪು ಎಂದು ನನಗೆ ಗಟ್ಟಿಯಾಗಿ ಅನಿಸಿದೆ. ಶುರುಮಾಡಬೇಕಾದದ್ದು ಬೆಂಬಲದಿಂದ.

ಬೆಂಬಲದ ಬಿಲ್ಲೆ ಇಟ್ಟ ಸೈನ್ಯ ಕದಲುವುದಿಲ್ಲ. ಪಕ್ಕದ ಪ್ರದೇಶದಲ್ಲಿ ಯುದ್ಧವಾದರೆ ತನ್ನ ಪೂರ್ತಿ ಬಲವನ್ನು ಯಾವುದಾದರೂ ಒಂದು ಕಡೆಗೆ ಸೇರಿಸಬಹುದು. ಕಾದುವವರಲ್ಲಿ ತನ್ನವರು ಇರಬೇಕೆಂದಿಲ್ಲ. ಇಬ್ಬರು ಬಡಿದಾಡುವಾಗ ಮೂರನೆಯವರು ಇವನಿಗೆ ಕೊಡಬಹುದು, ಅವನಿಗೆ ಕೊಡಬಹುದು, ಸುಮ್ಮನೆ ಕುಳಿತುಬಿಡಬಹುದು. ಈ ತೀರ್ಮಾನವನ್ನು ಮುಂಚೆಯೇ ಹೇಳಬೇಕಾಗಿಲ್ಲ. ಯುದ್ಧ ಶುರುವಾದ ಮೇಲೆ ಹೇಳಿದರೆ ಸಾಕು. ನಿಮ್ಮ ಕೋಟೆ ಕಾಯುತ್ತೇನೆ ಎಂದು ಪಕ್ಕದಲ್ಲಿ ಬಂದು ನಿಂತವರ ಬೆಂಬಲದ ಬಿಲ್ಲೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ, ನಿಮ್ಮ ಮೇಲೆ ಬಂದವನ ಪಾಲಾಗಬಹುದು. ಬಿಲ್ಲೆಯನ್ನು ತಿರುಗಿಸಿ ನೋಡಿದ ಮೇಲೂ ಅದು ಯಾರ ಕಡೆ ಎಂದು ತಿಳಿಯುವುದಿಲ್ಲ. ಈ ಆಟದಲ್ಲಿ ನನಗೆ ಬಹಳ ಪ್ರಿಯವಾದ ನಿಯಮ ಇದು.

ಈಗ ನನ್ನ ಕಥೆ. ಅದಕ್ಕೆ ಮೊದಲು ಒಂದು ವಿಷಯ ತಿಳಿದಿರಲಿ. ನಕ್ಷೆಯ ಪಕ್ಕದಲ್ಲಿ ಮೂರು ಪಟ್ಟಿಗಳಿವೆ. ಕಬ್ಬಿಣದ ಸಿಂಹಾಸನದ ಪಟ್ಟಿ ಯಾರ ಸರದಿ ಮೊದಲು ಎಂದು ಹೇಳುತ್ತದೆ. ಜಹಗೀರುಗಳ ಪಟ್ಟಿಯಲ್ಲಿ ಮೇಲಿರುವವರು ಯುದ್ಧ ಸಮಬಲವಾದಾಗ ಗೆಲ್ಲುತ್ತಾರೆ. ಮೇಲ್ತುದಿಯಲ್ಲಿರುವವರಿಗೆ ವ್ಯಾಲಿರಿಯನ್ ಉಕ್ಕಿನ ಕತ್ತಿಯೂ ಸಿಗುತ್ತದೆ, ಸುತ್ತಿಗೊಮ್ಮೆ ಅದರಿಂದ ಒಂದು ಬಲ ಹೆಚ್ಚು. ರಾಜಸಭೆಯ ಪಟ್ಟಿಯಲ್ಲಿ ಮೇಲಿದ್ದಷ್ಟೂ ನಕ್ಷತ್ರದ ಬಿಲ್ಲೆಗಳು ಹೆಚ್ಚು. ಅಲ್ಲಿ ಮೊದಲಿರುವವರ ಬಳಿ ಸುದ್ದಿ ಒಯ್ಯುವ ಕಾಗೆ ಇರುತ್ತದೆ. ಬಿಲ್ಲೆಗಳನ್ನು ತಿರುಗಿಸಿದ ಮೇಲೆ ತಮ್ಮ ಒಂದು ಬಿಲ್ಲೆಯನ್ನು ಅವರು ಬದಲಾಯಿಸಬಹುದು.

[ದೃಶ್ಯ: ನಕ್ಷೆಯ ಪಶ್ಚಿಮ ಕಡಲು. ಕೆಂಪು ಹಡಗು, ಕಪ್ಪು ಹಡಗು.]

ನಾನು ಲ್ಯಾನಿಸ್ಟರ್ ಮನೆತನ. ಗೆಳೆಯ ಗ್ರೇಜಾಯ್ ಮನೆತನ. ಗೋಲ್ಡನ್ ಸೌಂಡ್ ಕಡಲಿನಲ್ಲಿ ನನ್ನದೊಂದು ಹಡಗು, ಪಕ್ಕದ ಐರನ್‌ಮ್ಯಾನ್ಸ್ ಬೇಯಲ್ಲಿ ಅವನದೊಂದು. ಅವನ ಮಾತನ್ನು ನಂಬಿ ನಾನು ಹಡಗಿನ ಮೇಲೆ ಬೆಂಬಲ ಇಟ್ಟಿದ್ದೆ. ಬಿಲ್ಲೆಗಳು ತಿರುಗಿದವು. ಅವನದು ದಂಡಯಾತ್ರೆ.

ಆದರೂ ನಾನು ಗಾಬರಿಯಾಗಲಿಲ್ಲ, ಕಾಗೆ ನನ್ನ ಬಳಿಯಿತ್ತು. ಬೆಂಬಲವನ್ನು ತೆಗೆದು ನಕ್ಷತ್ರದ ರಕ್ಷಣೆ ಇಟ್ಟೆ. ಹಡಗಿಗೆ ಒಂದು, ರಕ್ಷಣೆಗೆ ಎರಡು. ನನ್ನ ಬಲ ಮೂರು. ಅವನದು ಬರೀ ಒಂದು. ಇನ್ನು ಇಬ್ಬರೂ ಕೈಯಲ್ಲಿರುವ, ತಂತಮ್ಮ ಮನೆತನದ ಏಳು ಕಾರ್ಡುಗಳಲ್ಲಿ ಒಂದನ್ನು ಗುಟ್ಟಾಗಿ ಆರಿಸಬೇಕು, ಅದರ ಬಲವೂ ಲೆಕ್ಕಕ್ಕೆ ಸೇರುತ್ತದೆ. ನಾನು ನನ್ನ ಅತಿ ದೊಡ್ಡ ಕಾರ್ಡು ಟೈವಿನ್‌ನನ್ನು ಇಟ್ಟೆ, ಬಲ ನಾಲ್ಕು. ಅವನು ಬಾಲನ್ ಗ್ರೇಜಾಯ್‌ನನ್ನು ಇಟ್ಟ, ಬಲ ಎರಡು. ಬಾಲನ್ ಬಂದರೆ ಎದುರಾಳಿಯ ಕಾರ್ಡಿನ ಬಲ ಸೊನ್ನೆ.

ಲೆಕ್ಕ ಹಾಕಿ ನೋಡಿ. ನನ್ನದು ಮೂರು, ಅವನದು ಮೂರು. ಸಮಬಲ. ಆಟ ಶುರುವಾಗುವಾಗ ಜಹಗೀರುಗಳ ಪಟ್ಟಿಯಲ್ಲಿ ಗ್ರೇಜಾಯ್ ಮೊದಲ ಸ್ಥಾನದಲ್ಲಿದ್ದರೆ ಲ್ಯಾನಿಸ್ಟರ್ ಆರನೆಯದರಲ್ಲಿ. ಅವನು ಕತ್ತಿಯನ್ನು ಮುಟ್ಟಲೂ ಇಲ್ಲ, ಗೆದ್ದುಬಿಟ್ಟ. ಟೈವಿನ್ ಕೈಬಿಟ್ಟುಹೋದ, ಏಳೂ ಕಾರ್ಡುಗಳನ್ನು ಬಳಸಿ ಮುಗಿಸುವ ತನಕ ಅವನು ಹಿಂದಿರುಗುವಂತಿಲ್ಲ. ಕಡಲು ಕೈತಪ್ಪಿತು ಎಂದರೆ ಸೇತುವೆ ಕೈತಪ್ಪಿದಂತೆ. ಇಲ್ಲಿ ಹಡಗುಗಳ ಸಾಲೇ ಸೈನ್ಯ ದಾಟುವ ದಾರಿ. ಪೈಕ್ ಬಂದರಿನ ಹಡಗು ಐರನ್‌ಮ್ಯಾನ್ಸ್ ಬೇಗೆ ಬಂದು ನಿಂತರೆ ಸಾಕು, ಪೈಕ್ ದ್ವೀಪದ ಸೈನ್ಯ ನೇರವಾಗಿ ನನ್ನ ಲ್ಯಾನಿಸ್‌ಪೋರ್ಟ್ ಬಾಗಿಲಿಗೆ ಬಂದು ಇಳಿಯಬಹುದಿತ್ತು.

ಸೈನ್ಯಕ್ಕೆ ಆಹಾರ ಪೂರೈಕೆಯ ಮಿತಿಯಿದೆ. ಹೊಸ ಸೈನಿಕರು ಬರುವುದು ಹೆಚ್ಚಾಗಿ ಸುತ್ತಿನ ಆರಂಭದಲ್ಲಿ ತೆರೆಯುವ ಕಾರ್ಡುಗಳು ಹೇಳಿದಾಗ ಮಾತ್ರ. ಇವನ್ನು ಆಡುತ್ತ ಆಡುತ್ತ ಕಲಿಯುತ್ತೀರಿ. ಹರಾಜಿನ ಬಗ್ಗೆ ಮಾತ್ರ ಎರಡು ಮಾತು ಹೇಳಲೇಬೇಕು.

[ದೃಶ್ಯ: ಮೇಜಿನ ಸುತ್ತ ಆರು ಬಿಗಿದ ಮುಷ್ಟಿಗಳು.]

ಆಗೊಮ್ಮೆ ಈಗೊಮ್ಮೆ ಮೂರು ಪಟ್ಟಿಗಳೂ ಹರಾಜಿಗೆ ಬೀಳುತ್ತವೆ. ಕೂಡಿಟ್ಟ ಪ್ರಭಾವದ ಬಿಲ್ಲೆಗಳನ್ನು (ಪ್ರಭಾವ ಸಂಗ್ರಹದಿಂದ ಬರುವ, ಹಣದಂತೆ ಬಳಸುವ ಬೇರೆ ಬಿಲ್ಲೆಗಳು ಇವು) ಮುಷ್ಟಿಯಲ್ಲಿ ಹಿಡಿದು ಎಲ್ಲರೂ ಒಟ್ಟಿಗೆ ತೆರೆಯಬೇಕು. ಸಿಗಲಿ, ಬಿಡಲಿ, ಕೂಗಿದ್ದು ಹೋಯಿತು. ಇನ್ನು ಉತ್ತರದ ಗೋಡೆಯಾಚೆಯ ಕಾಡುಜನ ನುಗ್ಗಿದಾಗ ಇದೇ ಮುಷ್ಟಿಗಳು ಸೇರಿ ಅವರನ್ನು ತಡೆಯಬೇಕು. ಎಲ್ಲರ ಮೊತ್ತ ಸಾಲದೆ ಬಂದರೆ ಎಲ್ಲರಿಗೂ ನಷ್ಟ. ಎಲ್ಲರಿಗಿಂತ ಕಡಿಮೆ ಕೊಟ್ಟವರಿಗೆ ಬೇರೆಯವರಿಗಿಂತ ಹೆಚ್ಚು. ಅರ್ಧ ಗಂಟೆಯಿಂದ ಒಬ್ಬರ ಕೋಟೆಯನ್ನು ಇನ್ನೊಬ್ಬರು ಕೆಡವುತ್ತಿದ್ದ ಜನ, ಈಗ “ನೀವು ಎಷ್ಟು ಹಾಕುತ್ತೀರಿ?” ಎಂದು ಪರಸ್ಪರರ ಮುಖ ನೋಡುತ್ತಾರೆ. ಸೈನ್ಯಗಳೆಲ್ಲ ನಿಂತಲ್ಲೇ ನಿಂತಿರುತ್ತವೆ. ಆ ಒಂದು ಗಳಿಗೆಯಲ್ಲಿ ಮಾತೊಂದೇ ಕೆಲಸ ಮಾಡುತ್ತದೆ.

ಇದನ್ನು ಬೆನ್ನಿಗೆ ಚೂರಿ ಹಾಕುವ ಆಟ ಎಂದು ಕರೆಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚೂರಿ ಹಾಕುವುದು ಸುಲಭ, ಯಾರು ಬೇಕಾದರೂ ಹಾಕಬಹುದು. ಏಳು ಕೋಟೆಗಳನ್ನು ಒಬ್ಬರೇ ದುಡಿದು ಹಿಡಿಯುವುದು ಕಷ್ಟ. ಯಾರಾದರೂ ಒಬ್ಬರು ನಿಮ್ಮ ಗಡಿಯಲ್ಲಿ ಸುಮ್ಮನಿರಬೇಕು, ಇನ್ನೊಬ್ಬರು ಒಂದು ಯುದ್ಧದಲ್ಲಾದರೂ ಕೈಜೋಡಿಸಬೇಕು. ಮೊದಲ ಸುತ್ತಿನಲ್ಲೇ ಮಾತು ಮುರಿದವನಿಗೆ ಇನ್ನೂ ಒಂಬತ್ತು ಸುತ್ತುಗಳು ಉಳಿದಿರುತ್ತವೆ.

[ದೃಶ್ಯ: ರಿವರ್‌ರನ್ ಕೋಟೆ. ಪಕ್ಕದ ಹ್ಯಾರನ್‌ಹಾಲ್‌ನಲ್ಲಿ ಬರಾಥಿಯನ್ ಸೈನ್ಯ.]

ಆರನೆಯ ಸುತ್ತು. ರಿವರ್‌ರನ್‌ನಲ್ಲಿ ನನ್ನ ಒಬ್ಬ ಕಾಲಾಳು, ಒಬ್ಬ ಕುದುರೆ ಸವಾರ, ಬಲ ಮೂರು. ಗ್ರೇಜಾಯ್ ಇಬ್ಬರು ಸವಾರರೊಂದಿಗೆ ಏರಿಬಂದ, ಬಲ ನಾಲ್ಕು. ಪಕ್ಕದ ಹ್ಯಾರನ್‌ಹಾಲ್‌ನಲ್ಲಿ ಬರಾಥಿಯನ್ ಆಡುತ್ತಿದ್ದ ಗೆಳತಿಯ ಬೆಂಬಲದ ಬಿಲ್ಲೆ, ಬಲ ಮೂರು. ಹಿಂದಿನ ಸುತ್ತಿನಲ್ಲಿ ಅವಳ ಮೇಲೆ ನಾನೇ ಲೂಟಿ ಮಾಡಿದ್ದೆ. ಗ್ರೇಜಾಯ್ ಅವಳನ್ನು ಒಮ್ಮೆಯೂ ಮುಟ್ಟಿರಲಿಲ್ಲ. ಇಬ್ಬರೂ ಅವಳತ್ತ ತಿರುಗಿದೆವು.

ಅವಳು ನನಗೆ ಕೊಟ್ಟಳು. ನಾನು ಆರು, ಅವನು ನಾಲ್ಕು. ಅವನು ಮೂರು ಬಲದ ಕಾರ್ಡು ಇಟ್ಟ, ಕತ್ತಿಯನ್ನೂ ಎತ್ತಿದ, ಒಟ್ಟು ಎಂಟು. ನನ್ನ ಕಾರ್ಡು ಗ್ರೆಗರ್, ಬಲ ಮೂರು, ಒಟ್ಟು ಒಂಬತ್ತು. ಕೋಟೆ ಉಳಿಯಿತು. ಆ ದಿನ ಗೆದ್ದದ್ದು ನಾನಲ್ಲ. 10ನೆಯ ಸುತ್ತು ಮುಗಿದಾಗ ಹೆಚ್ಚು ಕೋಟೆಗಳಿದ್ದದ್ದು ಅವಳ ಬಳಿ.

ಎಲ್ಲ ಎತ್ತಿಡುವಾಗ ಗೆಳೆಯ ಅವಳನ್ನು ಕೇಳಿದ, “ನಾನು ನಿನಗೇನು ಮಾಡಿದ್ದೆ?” ಅವಳು ಮಾತನಾಡಲಿಲ್ಲ. ಇನ್ನೂ ಮಡಚದ ನಕ್ಷೆಯ ಮೇಲೆ ಬಗ್ಗಿ, ಗೋಲ್ಡನ್ ಸೌಂಡ್ ಕಡಲಿನ ಮೇಲೆ ಬೆರಳಿಟ್ಟಳು.