ಎಚ್-ಇಂಡೆಕ್ಸ್ 8: ಬೀಕರ್‌ದೆಷ್ಟು, ಮಣ್ಣಿನದೆಷ್ಟು?

[ಪರದೆ: ವಿಜ್ಞಾನಿಯೊಬ್ಬರ ಪ್ರೊಫೈಲ್ ಪುಟ, ಹೆಸರು ಮಸುಕು]

ನಮಸ್ಕಾರ. ವೀಕ್ಷಕರೊಬ್ಬರ ಪ್ರಶ್ನೆ: ಒಬ್ಬರೇ ವಿಜ್ಞಾನಿ ಹೊಸ ನ್ಯಾನೋ ವಸ್ತು ತಯಾರಿಸ್ತಾರೆ, ಸೀಸ ಸೇರಿದ ಮಣ್ಣಿನ ಮೇಲೂ ಕೆಲಸ ಮಾಡ್ತಾರೆ. ಎರಡೂ ಕಡೆ ಅವರ ಪ್ರಭಾವ ಅಳೆಯೋದು ಹೇಗೆ?

ಪ್ರಭಾವ ಅಂದ ಕೂಡಲೇ ಎಲ್ಲರೂ ನೋಡೋ ಅಂಕಿ ಎಚ್-ಇಂಡೆಕ್ಸ್, ಅದನ್ನ ಬೇಗ ಮುಗಿಸಿಬಿಡೋಣ. ಭೌತವಿಜ್ಞಾನಿ ಹೋರ್ಹೆ ಹಿರ್ಷ್ 2005ರಲ್ಲಿ ಕೊಟ್ಟ ಲೆಕ್ಕ ಇದು. ಒಂದು ಪೇಪರನ್ನ ಬೇರೆ ಪೇಪರ್‌ಗಳು ಉಲ್ಲೇಖಿಸಿದ್ರೆ ಅದು ಸೈಟೇಶನ್. ಹೆಚ್ಚು ಸೈಟೇಶನ್ ಇರೋ ಪೇಪರ್ ಮೇಲೆ, ಕಡಿಮೆ ಇರೋದು ಕೆಳಗೆ ಬರೋ ಹಾಗೆ ಜೋಡಿಸಿ, ಎಣಿಸ್ತಾ ಇಳೀರಿ. ಕ್ರಮಸಂಖ್ಯೆಗಿಂತ ಸೈಟೇಶನ್ ಕಡಿಮೆ ಆದ ಕೂಡಲೇ ನಿಲ್ಲಿಸಿ. ಅದರ ಹಿಂದಿನ ಸಂಖ್ಯೆಯೇ ಎಚ್.

[ಪರದೆ: ವಸ್ತು ವಿಜ್ಞಾನ 120, 80, 60, 30, 12 | ಮಣ್ಣು 15, 11, 8, 6, 4]

ಇವು ಲೆಕ್ಕಕ್ಕಾಗಿ ನಾವೇ ಇಟ್ಟುಕೊಂಡ ಅಂಕಿಗಳು. ವಸ್ತು ವಿಜ್ಞಾನದ್ದು ಮಾತ್ರ ನೋಡಿದ್ರೆ ಎಚ್ 5. ಮಣ್ಣಿನದ್ದು 4. ಎರಡನ್ನೂ ಸೇರಿಸಿ ಎಣಿಸಿ: 9 ಅಲ್ಲ, 8. ಮೊದಲ ಪೇಪರ್‌ಗೆ 120ರ ಬದಲು 12,000 ಸೈಟೇಶನ್ ಬಂದಿದ್ರೂ ಅದೇ 8. ಪ್ರೊಫೈಲ್‌ನಲ್ಲಿ ಕಾಣೋದು ಆ 8 ಮಾತ್ರ. ಯಾವ ಕಡೆಯಿಂದ ಎಷ್ಟು ಬಂತು ಅನ್ನೋದು ಅದರೊಳಗೆ ಕರಗಿಹೋಗಿರುತ್ತೆ.

ಈಗ ಅಸಲು ವಿಷಯ: ಸೈಟೇಶನ್ ಬಿಟ್ಟು, ಆ ಪೇಪರ್‌ಗಳ ಒಳಗಿನ ಕೆಲಸ ನೋಡೋಣ. ಬೀಕರ್ ಪ್ರಯೋಗ ಸುಲಭ: ಸೀಸದ ದ್ರಾವಣಕ್ಕೆ ಆ ನ್ಯಾನೋ ವಸ್ತು ಹಾಕಿ, 24 ಗಂಟೆ ಅಲುಗಾಡಿಸಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ, ಉಳಿದ ಸೀಸ ಅಳೀರಿ. ಒಂದು ಗ್ರಾಂ ವಸ್ತು ಎಷ್ಟು ಮಿಲಿಗ್ರಾಂ ಹಿಡೀತು ಅನ್ನೋ ಅಂಕಿ ಕೈಗೆ ಸಿಗುತ್ತೆ. ಪೇಪರ್‌ನ ಶೀರ್ಷಿಕೆಯಲ್ಲಿ ಮಿಂಚೋದೂ ಅದೇ.

ಆ ಅಂಕಿ ಉಬ್ಬೋದು ಹೀಗೆ. ಪಿಎಚ್ ಸುಮಾರು 6 ದಾಟಿ, ದ್ರಾವಣದಲ್ಲಿ ಸೀಸವೂ ಜಾಸ್ತಿ ಇದ್ರೆ, ಅದು ತಾನಾಗಿಯೇ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತೆ. ಫಿಲ್ಟರ್ ಅದನ್ನೂ ಹಿಡಿಯುತ್ತೆ, ಶ್ರೇಯಸ್ಸೆಲ್ಲ ವಸ್ತುವಿಗೆ! ಅದಕ್ಕೇ ವಸ್ತು ಹಾಕದ ಖಾಲಿ ಬೀಕರ್ ಒಂದನ್ನ ಅದೇ ಪಿಎಚ್‌ನಲ್ಲಿ ಜೊತೆಗೆ ನಡೆಸಬೇಕು. ಸಾಲದ್ದಕ್ಕೆ ದ್ರಾವಣ ಮಾಡಿರೋದು ಶುದ್ಧ ನೀರಿನಲ್ಲಿ. ಮಣ್ಣಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕೊಳೆತ ಸಸ್ಯಗಳಿಂದ ಬರೋ ಹ್ಯೂಮಿಕ್ ಆಮ್ಲ ಎಲ್ಲವೂ ಅದೇ ಜಾಗಕ್ಕೆ ಪೈಪೋಟಿಗೆ ನಿಂತಿರ್ತವೆ.

[ಪರದೆ: ಸೀಸ ಕೆಳಗೆ, ಆರ್ಸೆನಿಕ್ ಮೇಲೆ ಹೋಗೋ ಎರಡು ಬಾಣ]

ನನಗೆ ತುಂಬಾ ಇಷ್ಟವಾದ ಭಾಗ ಇದು, ಸ್ವಲ್ಪ ಎಳೀತೀನಿ. ಬಯೋಚಾರ್, ಅಂದ್ರೆ ಸಸ್ಯತ್ಯಾಜ್ಯದಿಂದ ಮಾಡಿದ ಇದ್ದಿಲು, ಹಾಕಿದ್ರೆ ಸಾಮಾನ್ಯವಾಗಿ ಮಣ್ಣಿನ ಪಿಎಚ್ ಏರುತ್ತೆ. ಸೀಸ, ಕ್ಯಾಡ್ಮಿಯಂ ಧನ ಅಯಾನುಗಳು, ಅವು ಕಟ್ಟಿಬೀಳ್ತವೆ. ಆದರೆ ಆರ್ಸೆನಿಕ್ ಹೆಚ್ಚಾಗಿ ಆರ್ಸೆನೇಟ್ ಅನ್ನೋ ಋಣ ಅಯಾನು ಆಗಿ ಕಬ್ಬಿಣದ ಆಕ್ಸೈಡ್‌ಗೆ ಅಂಟಿಕೊಂಡಿರುತ್ತೆ. ಪಿಎಚ್ ಏರಿದಂತೆ ಆ ಆಕ್ಸೈಡ್ ಮೇಲ್ಮೈಯ ಧನ ಆವೇಶ ಇಳಿಯುತ್ತೆ, ಹಿಡಿತ ಸಡಿಲವಾಗಿ ಆರ್ಸೆನಿಕ್ ನೀರಿಗೆ ಬಿಡುಗಡೆ. ಫಾಸ್ಫೇಟ್ ಕಥೆ ಇನ್ನೂ ಮಜಾ. ಸೀಸವನ್ನ ಪೈರೋಮಾರ್ಫೈಟ್ ಅನ್ನೋ, ಬಹುತೇಕ ಕರಗದ ಖನಿಜ ಮಾಡಿ ಕೂರಿಸುತ್ತೆ. ಆದರೆ ಫಾಸ್ಫೇಟ್‌ಗೂ ಆರ್ಸೆನೇಟ್‌ಗೂ ಆಕಾರ, ಆವೇಶ ಎರಡೂ ಹೆಚ್ಚುಕಡಿಮೆ ಒಂದೇ, ಹಾಗಾಗಿ ಅದರ ಜಾಗ ಕಿತ್ತುಕೊಂಡು ಆಚೆ ತಳ್ಳುತ್ತೆ. ಎರಡೂ ವಿಷ ಇರೋ ಮಣ್ಣಿನಲ್ಲಿ ಸೀಸ ಮಾತ್ರ ಅಳೆದು ಗೆದ್ದೆವು ಅನ್ನೋ ಪೇಪರ್ ಸಿಕ್ಕರೆ, ಆರ್ಸೆನಿಕ್ ಕಾಲಂ ಎಲ್ಲಿ ಅಂತ ಹುಡುಕಿ.

ಇನ್ನೊಂದು: ಇಷ್ಟೆಲ್ಲ ಮಾಡಿದ್ರೂ ಸೀಸ ಮಣ್ಣಲ್ಲೇ ಇರುತ್ತೆ. ಒಟ್ಟು ಪ್ರಮಾಣ ಇಳಿಯಲ್ಲ, ಗಿಡಕ್ಕೆ ಎಟುಕೋ ಪಾಲು ಇಳಿಯುತ್ತೆ. ಅದನ್ನ ಅಂದಾಜು ಮಾಡೋಕೆ ಡಿಟಿಪಿಎ ಅನ್ನೋ, ಲೋಹ ಹಿಡಿಯೋ ರಾಸಾಯನಿಕದ ಪರೀಕ್ಷೆ ಇದೆ: 10 ಗ್ರಾಂ ಮಣ್ಣು, 20 ಮಿಲಿಲೀಟರ್ ದ್ರಾವಣ, ಪಿಎಚ್ 7.3, ಎರಡು ಗಂಟೆ ಅಲುಗಾಟ. ಟಿಸಿಎಲ್‌ಪಿ ಅಂತ ಇನ್ನೊಂದಿದೆ, ಅಸಿಟಿಕ್ ಆಮ್ಲದಲ್ಲಿ ಸುಮಾರು 18 ಗಂಟೆ. ಅದು ಕಸದ ಗುಂಡಿಯಿಂದ ಏನು ಸೋರುತ್ತೆ ಅಂತ ನೋಡೋಕೆ. ಅದರ ಫಲಿತಾಂಶ ತೋರಿಸಿ ಬೆಳೆ ಸುರಕ್ಷಿತ ಅಂದ್ರೆ ನಂಬಬೇಡಿ.

ಬೀಕರ್ ಕೆಲಸ ದಿನಗಳಲ್ಲಿ ಮುಗಿಯುತ್ತೆ, ಮಣ್ಣಿನ ಕೆಲಸಕ್ಕೆ ತಿಂಗಳುಗಳು, ಬೆಳೆ ಬೆಳೆಸಿ ನೋಡೋದಾದ್ರೆ ಇಡೀ ಹಂಗಾಮು. ಪೇಪರ್ ಬರೋದೂ ನಿಧಾನ, ಸೈಟೇಶನ್ ಏರೋದೂ ನಿಧಾನ.

[ಪರದೆ: ಉಳಿದಿರುವ ಸಮಯ 0:40]

ಟೈಮ್ ಆಯ್ತು, ಉಳಿದದ್ದು ಓಟದಲ್ಲಿ. ಮಣ್ಣಿನ ವಿಷ ಕಟ್ಟಿಹಾಕೋಕೆ ಬಳಸೋ ನ್ಯಾನೋ ಕಬ್ಬಿಣ: ಕಣಗಳು ಅಯಸ್ಕಾಂತೀಯ ಸೆಳೆತಕ್ಕೆ ಉಂಡೆಗಟ್ಟುತ್ತವೆ, ಮಣ್ಣಲ್ಲಿ ದೂರ ಹೋಗಲ್ಲ, ಆಕ್ಸಿಜನ್, ನೈಟ್ರೇಟ್ ಕೂಡ ಅದರ ಎಲೆಕ್ಟ್ರಾನ್ ತಿಂದುಹಾಕುತ್ತವೆ. ಲೇಪನ ಇತ್ತಾ, ಮಣ್ಣು ತುಂಬಿದ ಕೊಳವೆಯಲ್ಲಿ ಹಾಯಿಸಿ ನೋಡಿದ್ರಾ, ಎರಡೂ ಹುಡುಕಿ. ಮತ್ತೆ ಸೈಟೇಶನ್‌ಗೆ ಬಂದ್ರೆ, ಕ್ಷೇತ್ರಗಳನ್ನ ಹೋಲಿಸೋಕೆ ಎಫ್‌ಡಬ್ಲ್ಯೂಸಿಐ (ಫೀಲ್ಡ್-ವೇಟೆಡ್ ಸೈಟೇಶನ್ ಇಂಪ್ಯಾಕ್ಟ್) ವಾಸಿ: ಅದೇ ಕ್ಷೇತ್ರ, ಅದೇ ವರ್ಷ, ಅದೇ ಬಗೆಯ ಪೇಪರ್‌ಗಳ ಜೊತೆ ತೂಗುತ್ತೆ, ಜಾಗತಿಕ ಸರಾಸರಿ 1. ಅಲ್ಲಿ 11 ಸೈಟೇಶನ್‌ನ ಮಣ್ಣಿನ ಪೇಪರ್ 60ರ ವಸ್ತು ವಿಜ್ಞಾನದ್ದನ್ನ ಮೀರಿಸಬಹುದು. ಆದರೆ ಪೇಪರ್‌ಗಳು ಕಡಿಮೆ ಇದ್ರೆ ಒಂದೇ ಪೇಪರ್ ಆ ಸರಾಸರಿಯನ್ನ ಎಲ್ಲಿಗೋ ಒಯ್ಯುತ್ತೆ. ಬೇರೆಯವರ ಸಂಶೋಧನೆ ಒಟ್ಟುಮಾಡೋ ರಿವ್ಯೂ ಪೇಪರ್, ತಮ್ಮನ್ನೇ ತಾವು ಉಲ್ಲೇಖಿಸಿಕೊಂಡ ಸ್ವಂತ ಸೈಟೇಶನ್ ಬೇರೆ ಮಾಡಿ ಎಣಿಸಿ. ಗೂಗಲ್ ಸ್ಕಾಲರ್‌ನಲ್ಲಿ ಥೀಸಿಸ್, ಪ್ರಿಪ್ರಿಂಟ್ (ಪರಿಶೀಲನೆಗೆ ಮುಂಚಿನ ಕರಡು) ಎಲ್ಲ ಸೇರಿ ಎಚ್ ಸಾಮಾನ್ಯವಾಗಿ ಸ್ಕೋಪಸ್ ಅನ್ನೋ ಇನ್ನೊಂದು ಪೇಪರ್ ಪಟ್ಟಿಗಿಂತ ದಪ್ಪ ಕಾಣುತ್ತೆ, ಒಂದರ ಅಂಕಿಯನ್ನ ಇನ್ನೊಂದರ ಪಕ್ಕ ಇಡಬೇಡಿ. ಒಂದೇ ಹೆಸರಿನ ಇಬ್ಬರು ಬೆರೆತಿದ್ದಾರಾ ಅನ್ನೋ ಅನುಮಾನ ಬಂದ್ರೆ ಪ್ರತಿ ಸಂಶೋಧಕರಿಗೂ ಬೇರೆಬೇರೆ ಇರೋ 16 ಅಂಕಿಯ ಆರ್ಕಿಡ್ (ORCID) ಐಡಿ ನೋಡಿ.