ಹರಿದು ಬರುವ ನಾದವನ್ನು ಹಿಡಿಯುವುದು: ಲಿನಕ್ಸ್ ಬಳಸುವ ಸಂಗೀತಗಾರರೊಡನೆ

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿದ ಲ್ಯಾಪ್‌ಟಾಪುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ಗೆಳೆಯರೇ,

1935ರಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ಇದೇ ಮೈಸೂರಿನ ತಮ್ಮ ಮನೆಯಲ್ಲಿ ಪುಟ್ಟದೊಂದು ಪ್ರಸಾರ ಕೇಂದ್ರವನ್ನು ಆರಂಭಿಸಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಇಂದು ಆಕಾಶವಾಣಿಯ ಸಂಗೀತ ಕಛೇರಿಗಳು ಅಂತರ್ಜಾಲದಲ್ಲಿ ಹಗಲೂ ಇರುಳೂ ಹರಿದು ಬರುತ್ತಿವೆ. ಕೇಳುವುದು ಸುಲಭವಾಗಿದೆ, ಆದರೆ ಕೇಳಿದ್ದನ್ನು ಕೆಡದಂತೆ ಹಿಡಿದಿಡುವ ವಿದ್ಯೆ ನಮ್ಮಲ್ಲಿ ಇನ್ನೂ ಹರಡಿಲ್ಲ. ಬೆಳಗಿನ ಗೋಷ್ಠಿಯಲ್ಲಿ ಕೆಲವು ವಿದ್ಯಾರ್ಥಿಗಳು ಸ್ಪೀಕರಿನ ಮುಂದೆ ಮೊಬೈಲ್ ಇಟ್ಟು ಮಾಡಿಕೊಂಡ ಮುದ್ರಣಗಳನ್ನು ಕೇಳಿಸಿದರು. ಒಂದರಲ್ಲಿ ತೋಡಿಯ ಆಲಾಪನೆಯ ನಡುವೆ ಕುಕ್ಕರಿನ ಸೀಟಿ ತಾರಷಡ್ಜಕ್ಕೆ ಬಹಳ ಸಮೀಪದಲ್ಲಿಯೇ ಕೂಗಿತು. ಎಲ್ಲರೂ ನಕ್ಕೆವು, ಮುದ್ರಿಸಿದವರೂ ನಕ್ಕರು. ಆದರೆ ಅಷ್ಟು ಶ್ರದ್ಧೆಯಿಂದ ಕಾದು ಕುಳಿತು ಹಿಡಿದ ಆಲಾಪನೆ ಹಾಗಾಯಿತಲ್ಲ ಎಂಬ ಸಂಕಟದಿಂದಲೇ ನಾನು ಸಿದ್ಧಪಡಿಸಿಕೊಂಡಿದ್ದ ಪೀಠಿಕೆಯನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬಂದಿದ್ದೇನೆ.

ಯಂತ್ರದೊಳಗೆ ಅಂಕಿಗಳ ರೂಪದಲ್ಲಿರುವ ಧ್ವನಿಯನ್ನು ಗಾಳಿಗೆ ಬಿಟ್ಟು ಮತ್ತೆ ಮೈಕಿನಿಂದ ಹಿಡಿಯುವ ಅಗತ್ಯವೇ ಇಲ್ಲ. ಧ್ವನಿಯನ್ನು ನಿರ್ವಹಿಸುವ ಪಲ್ಸ್‌ಆಡಿಯೋ ತಂತ್ರಾಂಶದ ಕಾಲದಿಂದಲೂ ಲಿನಕ್ಸ್‌ನಲ್ಲಿ ಧ್ವನಿ ಹೊರಹೋಗುವ ಪ್ರತಿಯೊಂದು ದಾರಿಗೂ ಮಾನಿಟರ್ ಎಂಬ ಜೊತೆಗಾರನಿದ್ದಾನೆ; ಸ್ಪೀಕರಿಗೆ ಹೋಗುವುದೆಲ್ಲವೂ ಅಲ್ಲಿ ಹಾಗೆಯೇ ಸಿಗುತ್ತದೆ. 2021ರಲ್ಲಿ ಫೆಡೋರಾ 34 ಎಂಬ ಲಿನಕ್ಸ್ ಆವೃತ್ತಿಯು ಪೈಪ್‌ವೈರ್ ಎಂಬ ಹೊಸ ಧ್ವನಿ ವ್ಯವಸ್ಥೆಯನ್ನು ಸಹಜ ಆಯ್ಕೆಯಾಗಿ ಒಪ್ಪಿಕೊಂಡ ಮೇಲೆ ಕೆಲಸ ಇನ್ನೂ ಹಗುರವಾಯಿತು. ಜ್ಯಾಕ್ ಎಂಬ ವೃತ್ತಿಪರ ಧ್ವನಿ ವ್ಯವಸ್ಥೆಯನ್ನು ಬಳಸುವ ಸ್ಟುಡಿಯೋ ತಂತ್ರಾಂಶವೂ ಪಲ್ಸ್‌ಆಡಿಯೋ ಬಳಸುವ ಬ್ರೌಸರೂ ಈಗ ಒಂದೇ ಜಗಲಿಯಲ್ಲಿ ಕೂರುತ್ತವೆ. ಧ್ವನಿಯ ಜೋಡಣೆಗಳನ್ನು ಚಿತ್ರವಾಗಿ ತೋರಿಸುವ ಕ್ಯೂಪಿಡಬ್ಲ್ಯೂಗ್ರಾಫ್ ತೆರೆದು ಬ್ರೌಸರಿನಿಂದ ಆರ್ಡರ್ ಎಂಬ ಮುದ್ರಣ ತಂತ್ರಾಂಶದ ಟ್ರ್ಯಾಕಿಗೆ ಒಂದು ಗೆರೆ ಎಳೆದರೆ ಸಾಕು.

ಮಾನಿಟರಿನಲ್ಲಿ ಒಂದು ತೊಡಕಿದೆ. ಯಂತ್ರ ಹೊರಡಿಸುವ ಪ್ರತಿಯೊಂದು ಸದ್ದೂ, ಹೊಸ ಸಂದೇಶ ಬಂದಾಗಿನ ಗಂಟೆಯೂ ಸೇರಿದಂತೆ, ಅದರಲ್ಲಿ ಬೀಳುತ್ತದೆ. ಆದ್ದರಿಂದ ನಲ್ ಸಿಂಕ್ ಎಂಬ, ಯಾವ ಸ್ಪೀಕರಿಗೂ ಜೋಡಣೆಯಾಗದ ಒಂದು ಖಾಲಿ ದಾರಿಯನ್ನು ಮಾಡಿಕೊಂಡು, ಬ್ರೌಸರಿನ ಧ್ವನಿಯನ್ನು ಮಾತ್ರ ಅಲ್ಲಿಗೆ ತಿರುಗಿಸಿ, ಆ ದಾರಿಯ ಮಾನಿಟರಿನಿಂದ ಮುದ್ರಿಸಬೇಕು. ಪ್ಲೇಯರಿನ ಧ್ವನಿಮಟ್ಟ ನೂರಕ್ಕೆ ನೂರು ಇರಲಿ. ಅಲ್ಲಿ ತಗ್ಗಿಸಿದರೆ ಮುದ್ರಣವೂ ತಗ್ಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ತೆಳು ಮಜ್ಜಿಗೆಯನ್ನು ಹಂಡೆಗೆ ಸುರಿದ ಮಾತ್ರಕ್ಕೆ ಅದು ಮೊಸರಾಗುವುದಿಲ್ಲ. ಅಂತರ್ಜಾಲದಿಂದ ಹರಿದು ಬರುವ, ಸೆಕೆಂಡಿಗೆ 128 ಕಿಲೋಬಿಟ್ಟಿನ ಧಾರೆ (ಸ್ಟ್ರೀಮ್) ಒಂದು ಗಂಟೆಗೆ ಸುಮಾರು 58 ಮೆಗಾಬೈಟ್ ಆಗುತ್ತದೆ. ಅದನ್ನೇ 48,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಧ್ವನಿ ಮಾದರಿಗಳು), 16 ಬಿಟ್ ಸ್ಟೀರಿಯೋ, ಸಂಕುಚಿಸದ ವೇವ್ ಕಡತವಾಗಿ ಮುದ್ರಿಸಿದರೆ 691 ಮೆಗಾಬೈಟ್. ಗಾತ್ರ ಹನ್ನೆರಡು ಪಟ್ಟು ಬೆಳೆಯಿತು, ನಾದ ಎಳ್ಳಷ್ಟೂ ಬೆಳೆಯಲಿಲ್ಲ. ಅದನ್ನು ಮತ್ತೆ ಎಂಪಿ3 ಮಾಡಿದರಂತೂ ಮಜ್ಜಿಗೆಗೆ ಇನ್ನೊಂದು ಚೊಂಬು ನೀರು ಬೆರೆಸಿದ ಹಾಗೆ. ಆದ್ದರಿಂದ ತೆರೆದ ರೇಡಿಯೋ ಧಾರೆಯ ವಿಳಾಸ ಸಿಗುವಲ್ಲೆಲ್ಲ ಮುದ್ರಣದ ಗೋಜಿಗೇ ಹೋಗಬೇಡಿ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತನೆಯ ತಂತ್ರಾಂಶಕ್ಕೆ ಆ ವಿಳಾಸವನ್ನು ಕೊಟ್ಟು, ಕೋಡೆಕ್ (ಧ್ವನಿಯನ್ನು ಕಟ್ಟುವ, ಬಿಚ್ಚುವ ಕ್ರಮ) ಎಂದು ಕೇಳುವ ಜಾಗದಲ್ಲಿ ಕಾಪಿ ಎಂದು ಬರೆದರೆ, ಬಂದದ್ದನ್ನು ಬಂದ ಹಾಗೆಯೇ, ಬಿಚ್ಚದೆ, ಡಿಸ್ಕಿಗೆ ಇಳಿಸಿಕೊಡುತ್ತದೆ. ಕೆಲಸಕ್ಕೆ ಬೇಕಾದಾಗ ಆ ಮೂಲದಿಂದ ಒಮ್ಮೆ ಮಾತ್ರ ವೇವ್ ಕಡತವನ್ನು ತೆಗೆದುಕೊಳ್ಳಬಹುದು.

ಇಲ್ಲಿ ನನ್ನ ಅನುಭವವೊಂದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಹಲವು ವರ್ಷಗಳ ಹಿಂದೆ ಒಂದು ರಾತ್ರಿ, ಅಂತರ್ಜಾಲ ರೇಡಿಯೋದಲ್ಲಿ ಬರುತ್ತಿದ್ದ ಹಳೆಯ ಗಾಯನ ಕಛೇರಿಯೊಂದನ್ನು ಪಾರೆಕ್ ಎಂಬ ಆದೇಶದಿಂದ ಒಂದು ಗಂಟೆ ಮುದ್ರಿಸಿದೆ. ಪಾರೆಕ್ ತಾನಾಗಿ ಬರೆಯುವುದು ತಲೆಬರಹವಿಲ್ಲದ ಬರಿಯ ಅಂಕಿಗಳನ್ನು. ಸೆಕೆಂಡಿಗೆ 44,100 ಮಾದರಿಗಳೆಂಬ ವಿವರ ಆ ಕಡತದಲ್ಲಿ ಎಲ್ಲಿಯೂ ಇರುವುದಿಲ್ಲ. ಮರುದಿನ ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ ತೆರೆಯುವಾಗ ನಾನು 48,000 ಎಂದು ಕೊಟ್ಟೆ. ಹಾಡು ಬಂತು, ಸ್ಪಷ್ಟವಾಗಿಯೇ ಬಂತು. ಸಂಜೆ ನನಗೆ ವೀಣೆ ಕಲಿಸಿದ ಮೇಷ್ಟ್ರ ಮನೆಗೆ ಅದನ್ನು ಒಯ್ದೆ. ಅವರು ತಂಬೂರಿಯ ನಾದವನ್ನು ಕೇಳುತ್ತಲೇ ಕೈಯೆತ್ತಿ ನಿಲ್ಲಿಸಿದರು. "ಇವರು ಇಷ್ಟು ಮೇಲೆ ಹಾಡಿದವರಲ್ಲ ಕಣಪ್ಪ. ಇದು ಅವರ ಶ್ರುತಿಯಲ್ಲ" ಎಂದರು. ಮನೆಗೆ ಬಂದು ನೋಡಿದರೆ ಒಂದು ಗಂಟೆಯ ಕಛೇರಿ ಐವತ್ತೈದು ನಿಮಿಷ ಏಳು ಸೆಕೆಂಡಿಗೆ ಮುಗಿದಿತ್ತು; ಶ್ರುತಿ ಹಾರ್ಮೋನಿಯಮ್ಮಿನ ಸುಮಾರು ಒಂದೂವರೆ ಮನೆಯಷ್ಟು ಏರಿತ್ತು. ಶ್ರುತಿಯನ್ನೇ ತಾಯಿ ಎನ್ನುವ ಸಂಗೀತಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ಅಂಕಿಗಳು ಒಂದೂ ಕಳೆದಿರಲಿಲ್ಲವಾದ್ದರಿಂದ 44,100 ಎಂದು ತಿದ್ದಿ ತೆರೆದ ಕೂಡಲೇ ಹಾಡು ತನ್ನ ಶ್ರುತಿಗೆ ಇಳಿಯಿತು. ಅಂದಿನಿಂದ ಮಾದರಿ ದರವನ್ನೂ ದಿನಾಂಕವನ್ನೂ ಕಡತದ ಹೆಸರಿನಲ್ಲಿಯೇ ಬರೆದಿಡುತ್ತೇನೆ.

ಸಂಗೀತ ಸಂಯೋಜನೆಗೆ ಈ ಧ್ವನಿಯನ್ನು ಬಳಸುವವರಿಗೆ ಮಜ್ಜಿಗೆಯ ಮಾತನ್ನು ಇನ್ನೊಮ್ಮೆ ಹೇಳಲೇಬೇಕು. ಕಡಿಮೆ ಬಿಟ್ ದರದ ಎಂಪಿ3ಯಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್‌ಗಿಂತ ಮೇಲಿನ ಕಂಪನಗಳನ್ನು ಕತ್ತರಿಸಿರುತ್ತಾರೆ. ಕೇಳುವಾಗ ಅದು ತಿಳಿಯದೇ ಹೋಗಬಹುದು. ಆದರೆ ಒಂದು ತುಣುಕನ್ನು ನಿಧಾನಗೊಳಿಸಿದಾಗ, ಶ್ರುತಿ ಬದಲಿಸಿದಾಗ, ಅಡಗಿದ್ದ ಗುಳುಗುಳು ಸದ್ದೆಲ್ಲ ಮೇಲೆದ್ದು ಬರುತ್ತದೆ. ಯಾವ ಈಕ್ವಲೈಜರೂ ಇಲ್ಲದ್ದನ್ನು ತಂದುಕೊಡಲಾರದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ; ಉಳಿದದ್ದನ್ನು ಬೇಗ ಹೇಳುತ್ತೇನೆ. ಧಾರೆಯನ್ನು ಮುದ್ರಿಸುವಾಗ ಧ್ವನಿ ಕ್ಷಣಾರ್ಧ ತಡವಾಗಿ ಬರುವ ಚಿಂತೆ ಬೇಡ. ಬಫರನ್ನು, ಅಂದರೆ ಯಂತ್ರ ಒಮ್ಮೆಗೆ ಕೂಡಿಟ್ಟುಕೊಳ್ಳುವ ಮಾದರಿಗಳ ಸಂಖ್ಯೆಯನ್ನು, 64ಕ್ಕೆ ಇಳಿಸಿ ಧ್ವನಿ ಕಡಿಯುವಂತೆ ಮಾಡಿಕೊಳ್ಳುವುದಕ್ಕಿಂತ 1024ರಲ್ಲಿ ನೆಮ್ಮದಿಯಿಂದಿರಿ. ಬಿಚ್ಚಿದ ಎಂಪಿ3ಯ ಶಿಖರಗಳು ಕೆಲವೊಮ್ಮೆ ಸೊನ್ನೆ ಡೆಸಿಬಲ್ ಎಂಬ ಮೇಲ್ಮಿತಿಯನ್ನು ದಾಟುವುದರಿಂದ, ಅವನ್ನು ಕತ್ತರಿಸದ 32 ಬಿಟ್ ಫ್ಲೋಟ್ ರೂಪದಲ್ಲಿ ಉಳಿಸಿ.

ಕಾನೂನಿನ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದಿದ್ದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 39ನೆಯ ಸೆಕ್ಷನ್, ಮುದ್ರಿಸಿದವರ ಖಾಸಗಿ ಬಳಕೆಗೆ ಮತ್ತು ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗಳಿಗೆ ಮಾಡಿಕೊಂಡ ಮುದ್ರಣವು ಪ್ರಸಾರಕರ ಮತ್ತು ಕಲಾವಿದರ ಹಕ್ಕಿಗೆ ಚ್ಯುತಿಯಲ್ಲವೆಂದು ಹೇಳುತ್ತದೆ. ಆದರೆ ಅದರ ಒಂದು ಆವರ್ತವನ್ನು ಕತ್ತರಿಸಿ ನಿಮ್ಮ ಹೊಸ ಹಾಡಿಗೆ ಅಂಟಿಸಿ ಬಿಡುಗಡೆ ಮಾಡುವುದು ಬೇರೆಯೇ ವಿಷಯ. ಅದಕ್ಕೆ ಹಕ್ಕುದಾರರ ಅನುಮತಿ ಬೇಕು. ಹಾಡಿದವರ ಕಂಠವನ್ನು ಅವರನ್ನು ಕೇಳದೆ ಎತ್ತಿಕೊಳ್ಳುವುದು ನಮಗೆ ಶೋಭಿಸುವುದೂ ಇಲ್ಲ. ಬಳಕೆಗೆಂದೇ ಬಿಟ್ಟುಕೊಟ್ಟ ಧ್ವನಿಗಳು ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯ 2005ರಲ್ಲಿ ಆರಂಭಿಸಿದ ಫ್ರೀಸೌಂಡ್ ಎಂಬ ಜಾಲತಾಣದಲ್ಲಿ ಸಾಕಷ್ಟಿವೆ. ಪ್ರತಿಯೊಂದರ ಪರವಾನಗಿಯನ್ನು ಓದಿ ಬಳಸಿ.

ಮೇಷ್ಟ್ರು ಶ್ರುತಿ ಹಿಡಿದ ಆ ಕಛೇರಿಯನ್ನು ಕೇಳಿಸಿ ಎಂದು ಮುಂದಿನ ಸಾಲಿನಿಂದ ಯಾರೋ ಕೇಳುತ್ತಿದ್ದಾರೆ. ಅದು ಖಾಸಗಿಯಾಗಿ ಮುದ್ರಿಸಿಕೊಂಡದ್ದು. ತುಂಬಿದ ಸಭೆಯಲ್ಲಿ ಕೇಳಿಸುವ ಹಕ್ಕು ನನಗಿಲ್ಲ. ಬದಲಿಗೆ ನಾನೇ ನುಡಿಸಿ ಮುದ್ರಿಸಿದ ತಂಬೂರಿಯ ಎರಡು ಕಡತಗಳಿವೆ, ಒಂದು 44,100ರಲ್ಲಿ ತೆರೆದದ್ದು, ಇನ್ನೊಂದು ತಪ್ಪಾಗಿ 48,000ದಲ್ಲಿ ತೆರೆದದ್ದು. ಎರಡನ್ನೂ ಒಂದಾದ ಮೇಲೊಂದರಂತೆ ಕೇಳಿಸುತ್ತೇನೆ. ದಯವಿಟ್ಟು ಫ್ಯಾನುಗಳನ್ನು ಒಂದು ನಿಮಿಷ ನಿಲ್ಲಿಸಿ.