ಸಿಲ್ಕ್ ಅಂದರೆ ಯಾವ ಸಿಲ್ಕ್?

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆ ಜವಳಿ ತೆಗೆಯಲು ಅಂಗಡಿಗೆ ಹೋಗಿ ಕೂತರೆ ಸಾಕು, ಪ್ಯೂರ್ ಸಿಲ್ಕ್, ಸಾಫ್ಟ್ ಸಿಲ್ಕ್, ಸೆಮಿ ಸಿಲ್ಕ್, ಆರ್ಟ್ ಸಿಲ್ಕ್ ಅಂತ ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಹಾಸುತ್ತಾರೆ. ಎಲ್ಲವೂ ಹೊಳೆಯುತ್ತವೆ. ಎಲ್ಲದರ ಹೆಸರಿನಲ್ಲೂ ಸಿಲ್ಕ್ ಇದೆ. ಆದರೆ ಹುಳು ಸುತ್ತಿದ ಎಳೆ ಎಲ್ಲದರಲ್ಲೂ ಇರುವುದಿಲ್ಲ. ಇಂಗ್ಲಿಷಿನ ಈ ಒಂದು ಹೆಸರು ಏನೇನಕ್ಕೆಲ್ಲ ಅಂಟಿಕೊಂಡಿತು ಅನ್ನುವುದನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ಇದು ಬರೀ ಭಾಷೆಯ ವಿಷಯವಲ್ಲ, ನಮ್ಮ ಜೇಬಿನ ವಿಷಯವೂ ಹೌದು.

ಹಿಂದೆ ಗ್ರೀಕರು, ರೋಮನ್ನರು ಪೂರ್ವದಿಂದ ರೇಷ್ಮೆ ತರುತ್ತಿದ್ದ ಜನರನ್ನು ‘ಸೇರೆಸ್’ ಎಂದು ಕರೆಯುತ್ತಿದ್ದರು. ಬಟ್ಟೆಗೆ ‘ಸೆರಿಕಮ್’ ಎನ್ನುತ್ತಿದ್ದರು. ರೇಷ್ಮೆ ಕೃಷಿಗೆ ನಾವು ಸೆರಿಕಲ್ಚರ್ ಅನ್ನುತ್ತೇವಲ್ಲ, ಅದು ಬಂದದ್ದು ಇಲ್ಲಿಂದಲೇ. ಸಿಲ್ಕ್ ಕೂಡ ಇದೇ ಮನೆತನದ ಪದ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ನಮ್ಮ ‘ರೇಷ್ಮೆ’ ಪರ್ಷಿಯನ್ ಕಡೆಯಿಂದ ಬಂತು. ಅದಕ್ಕೂ ಮೊದಲಿನ ‘ಪಟ್ಟೆ’ ಇನ್ನೂ ಪಟ್ಟೆ ಸೀರೆಯಲ್ಲಿ ಉಳಿದಿದೆ.

ಹೆಸರಿನ ಮಾತು ಮುಂದುವರಿಸುವ ಮೊದಲು, ಅದರ ಹಿಂದಿರುವ ವಸ್ತುವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಜ್ವರ, ಅಂದರೆ ಪೊರೆ ಕಳಚುವ ನಾಲ್ಕು ಹಂತ ದಾಟಿ, ಹಣ್ಣಾದ ಹುಳುವನ್ನು ರೈತರು ಚಂದ್ರಿಕೆಗೆ, ಅಂದರೆ ಗೂಡು ಕಟ್ಟಿಸುವ ತಟ್ಟೆಗೆ ಬಿಡುತ್ತಾರೆ. ಅಲ್ಲಿ ಅದು ತಲೆಯನ್ನು ಆ ಕಡೆ ಈ ಕಡೆ ಆಡಿಸುತ್ತಾ ತನ್ನ ಸುತ್ತ ಗೂಡು ಕಟ್ಟುತ್ತದೆ. ಬಾಯಿಂದ ಎರಡು ಎಳೆ ಜೊತೆಯಾಗಿ ಬರುತ್ತವೆ. ಒಂದು ಅಂಟು ಅವೆರಡನ್ನೂ ಕೂಡಿಸುತ್ತದೆ. ಎಳೆಯ ಹೆಸರು ಫೈಬ್ರೊಯಿನ್, ಅಂಟಿನ ಹೆಸರು ಸೆರಿಸಿನ್. ಎರಡೂ ಪ್ರೋಟೀನ್. ಮೂರು ದಿನದಲ್ಲಿ ಗೂಡು ಮುಗಿಯುತ್ತದೆ. ಒಳ್ಳೆಯ ಗೂಡಿನಲ್ಲಿ ಎಲ್ಲೂ ತುಂಡಾಗದ ಎಳೆ ಸಾವಿರ ಮೀಟರಿನಷ್ಟು ಸಿಗುತ್ತದೆ.

ರಾಮನಗರ, ಶಿಡ್ಲಘಟ್ಟದ ಕಡೆಯವರಿಗೆ ಮುಂದಿನ ಕೆಲಸವನ್ನು ನಾನು ಹೇಳಬೇಕಾಗಿಲ್ಲ. ಗೂಡನ್ನು ಬಿಸಿ ನೀರಿಗೆ ಹಾಕಿದರೆ ಅಂಟು ಸಡಿಲವಾಗುತ್ತದೆ. ಎಂಟು ಹತ್ತು ಗೂಡುಗಳ ತುದಿ ಹುಡುಕಿ, ಅಷ್ಟನ್ನೂ ಕೂಡಿಸಿ ಒಂದು ನೂಲು ಬಿಚ್ಚುತ್ತಾರೆ. ಬಿಸಿ ನೀರಲ್ಲಿ ಬೆರಳು ಬೆಂದು ಬಿಳಿಚಿಕೊಳ್ಳುವ ಕೆಲಸ ಇದು. ಇಷ್ಟಾದರೂ ಕಚ್ಚಾ ರೇಷ್ಮೆಗೆ ಹೊಳಪು ಕಡಿಮೆ, ಮುಟ್ಟಿದರೆ ಒರಟು. ಸೋಪಿನ ನೀರಲ್ಲಿ ಕುದಿಸಿ ಅಂಟು ತೆಗೆದ ಮೇಲೆ ತೂಕ ಸುಮಾರು ಕಾಲು ಭಾಗ ಇಳಿಯುತ್ತದೆ, ಆಗ ಮಿನುಗು ಬರುತ್ತದೆ. ಆ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ತ್ರಿಕೋನದಂತೆ ಕಾಣುತ್ತದೆ. ಬೆಳಕು ಅದರ ಮೇಲೆ ಬಿದ್ದು ಬೇರೆ ಬೇರೆ ಕೋನದಲ್ಲಿ ತಿರುಗುತ್ತದೆ. ಒಳ್ಳೆಯ ರೇಷ್ಮೆಯ ಬಣ್ಣಕ್ಕೆ ಅಷ್ಟು ಆಳ ಬರುವುದು ಅದಕ್ಕೇ.

ಈ ನುಣುಪು, ಈ ಬೆಲೆ ಎರಡೂ ಇಂಗ್ಲಿಷಿನ ಬಳಕೆಯಲ್ಲಿ ಮೂಡಿವೆ. ಮೆಕ್ಕೆಜೋಳದ ತೆನೆಯ ತುದಿಯ ಕೂದಲಿಗೆ ಅವರು ಕಾರ್ನ್ ಸಿಲ್ಕ್ ಅನ್ನುತ್ತಾರೆ. ಜೇಡರ ಬಲೆಯ ಎಳೆಯೂ ಸಿಲ್ಕೇ. ಅದೂ ಪ್ರೋಟೀನಿನ ಎಳೆಯೇ ಆದ್ದರಿಂದ ಅಲ್ಲಿ ಹೆಸರು ಸರಿಯಾಗಿಯೇ ಕೂತಿದೆ. ಕುದುರೆ ಓಟದ ಸವಾರರು ತೊಡುವ ಬಣ್ಣಬಣ್ಣದ ಅಂಗಿಗೆ ಸಿಲ್ಕ್ಸ್ ಎಂದು ಹೆಸರು. ಈಗ ಅವನ್ನು ನೈಲಾನಿನಂಥ ಬಟ್ಟೆಯಲ್ಲಿ ಹೊಲಿದರೂ ಹೆಸರು ಬದಲಾಗಿಲ್ಲ. ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ಕಿಂಗ್ಸ್ ಕೌನ್ಸೆಲ್ ಪದವಿ ಪಡೆದ ಹಿರಿಯ ವಕೀಲರು ರೇಷ್ಮೆ ಗೌನು ತೊಡುತ್ತಾರೆ. ಹಾಗಾಗಿ ಆ ಪದವಿ ಸಿಗುವುದನ್ನೇ ‘ಟೇಕಿಂಗ್ ಸಿಲ್ಕ್’ ಅನ್ನುತ್ತಾರೆ, ಅಂಥ ವಕೀಲರನ್ನು ಸುಮ್ನೆ ‘ಎ ಸಿಲ್ಕ್’ ಎಂದೇ ಕರೆಯುತ್ತಾರೆ.

ಒಂದು ಸಣ್ಣ ವ್ಯತ್ಯಾಸವನ್ನು ಇಲ್ಲೇ ಗಮನಿಸಿ, ಮುಂದೆ ಉಪಯೋಗಕ್ಕೆ ಬರುತ್ತದೆ. ಬಟ್ಟೆಯ ವಿಷಯದಲ್ಲಿ ‘ಸಿಲ್ಕ್’ ಅಂದರೆ ರೇಷ್ಮೆ. ‘ಸಿಲ್ಕಿ’ ಅಂದರೆ ರೇಷ್ಮೆಯ ಹಾಗೆ ನುಣುಪಾದದ್ದು, ಅಷ್ಟೇ. ಶಾಂಪೂ ಹಾಕಿದ ಕೂದಲು ಸಿಲ್ಕಿ ಆಗಬಹುದು, ಪಾಲಿಯೆಸ್ಟರ್ ಬಟ್ಟೆಯೂ ಸಿಲ್ಕಿ ಆಗಬಹುದು. ಲೇಬಲ್ಲಿನ ಮೇಲೆ ಸಿಲ್ಕಿ ಅಂತ ಇದ್ದರೆ ಅದು ರೇಷ್ಮೆ ಎಂದು ಯಾರೂ ಮಾತು ಕೊಟ್ಟ ಹಾಗಲ್ಲ.

ಇಂಗ್ಲಿಷಿನಲ್ಲಿ ಒಂದು ಹಳೆಯ ಗಾದೆ ಇದೆ. ಹಂದಿಯ ಕಿವಿಯಿಂದ ರೇಷ್ಮೆ ಚೀಲ ಮಾಡಲಾಗದು ಅಂತ. 1921ರಲ್ಲಿ ಅಮೆರಿಕದ ರಸಾಯನ ತಜ್ಞ ಆರ್ಥರ್ ಡಿ. ಲಿಟಲ್ ಅವರ ಕಂಪನಿ ಇದನ್ನೇ ಸವಾಲಾಗಿ ತೆಗೆದುಕೊಂಡಿತು. ಹಂದಿ ಕಿವಿಗಳನ್ನು ಬೇಯಿಸಿ ಅಂಟು ತೆಗೆದು, ಅದರಿಂದ ಎಳೆ ಎಳೆದು, ನಿಜವಾಗಿಯೂ ಪುಟ್ಟ ಚೀಲ ನೇಯಿಸಿ ತೋರಿಸಿತು. ರಸಾಯನಶಾಸ್ತ್ರ ಏನು ಬೇಕಾದರೂ ಮಾಡಬಲ್ಲದು ಎಂಬ ಹುಮ್ಮಸ್ಸಿನ ಕಾಲ ಅದು.

ಆ ಹುಮ್ಮಸ್ಸು ಶುರುವಾಗಿ ಆಗಲೇ ಕೆಲವು ದಶಕ ಕಳೆದಿತ್ತು. ಫ್ರಾನ್ಸಿನ ಶಾರ್ಡೊನೆ ಎಂಬವರು ತಾವು ತಯಾರಿಸಿದ ಕೃತಕ ರೇಷ್ಮೆಯನ್ನು 1889ರ ಪ್ಯಾರಿಸ್ ಪ್ರದರ್ಶನದಲ್ಲಿ ಜನರಿಗೆ ತೋರಿಸಿದ್ದರು. ಗಿಡಮರಗಳಲ್ಲಿರುವ ಸೆಲ್ಯುಲೋಸ್‌ನಿಂದ ಮಾಡಿದ ಎಳೆ ಅದು. ಅದನ್ನು, ಆಮೇಲೆ ಬಂದ ವಿಸ್ಕೋಸನ್ನು ‘ಆರ್ಟಿಫಿಶಿಯಲ್ ಸಿಲ್ಕ್’ ಎಂದೇ ಮಾರಿದರು. 1924ರಲ್ಲಿ ಅಮೆರಿಕದಲ್ಲಿ ಅದಕ್ಕೆ ರೇಯಾನ್ ಎಂಬ ಸ್ವಂತ ಹೆಸರು ಬಂತು. ಆಮೇಲೆ ನೈಲಾನ್ ಬಂತು, ಪಾಲಿಯೆಸ್ಟರ್ ಬಂತು.

ಆದರೆ ನಮ್ಮ ಪೇಟೆಯಲ್ಲಿ ಹಳೆಯ ಹೆಸರೇ ಉಳಿಯಿತು, ಅದೂ ಅರ್ಧ ಮಾತ್ರ. ಆರ್ಟಿಫಿಶಿಯಲ್ ಸಿಲ್ಕ್ ಬಾಲ ಕತ್ತರಿಸಿಕೊಂಡು ‘ಆರ್ಟ್ ಸಿಲ್ಕ್’ ಆಯಿತು. ಕೇಳಿದವರಿಗೆ ಏನನ್ನಿಸುತ್ತದೆ? ಆರ್ಟ್ ಅಂದರೆ ಕಲೆ, ಇದು ಕಲಾತ್ಮಕ ರೇಷ್ಮೆ ಅಂತ ಅಲ್ವಾ? ಇಲ್ಲ. ಆ ಆರ್ಟ್‌ಗೆ ಕೃತಕ ಎಂಬುದಷ್ಟೇ ಅರ್ಥ. ನಾನು ರೇಯಾನನ್ನು ದೂರುತ್ತಿಲ್ಲ. ಇಳಕಲ್ ನೇಕಾರರು ಕೃತಕ ರೇಷ್ಮೆಗೆ ‘ಚಮಕ’ ಅನ್ನುತ್ತಾರೆ. ಅದನ್ನು ಹಾಕಿ ಎಷ್ಟು ಚೆಂದದ ಸೀರೆ ನೇಯುತ್ತಾರೆ! ಚಮಕ ಅಂದಾಗ ಮಾರುವವರಿಗೂ ಕೊಳ್ಳುವವರಿಗೂ ಅದು ಏನೆಂದು ಗೊತ್ತು. ಬೆಲೆಯೂ ಅದಕ್ಕೆ ತಕ್ಕಂತೆ ಇರುತ್ತದೆ. ಅನ್ಯಾಯ ಆಗುವುದು ಚಮಕವನ್ನು ರೇಷ್ಮೆಯ ಬೆಲೆಗೆ ಕೊಟ್ಟಾಗ. ಆಗ ಮೋಸ ಹೋಗುವುದು ಕೊಂಡವರು ಮಾತ್ರವಲ್ಲ. ರಾತ್ರಿ ಎದ್ದು ಹುಳುವಿಗೆ ಸೊಪ್ಪು ಹಾಕಿದ ಮನೆಯವರಿಗೂ, ಬಿಸಿ ನೀರಲ್ಲಿ ಕೈಯಿಟ್ಟು ನೂಲು ಬಿಚ್ಚಿದವರಿಗೂ ಸೇರಬೇಕಾದ ಪಾಲು ಬೇರೆ ಕಡೆ ಹೋಗುತ್ತದೆ. ದೇಶದಲ್ಲೇ ಅತಿ ಹೆಚ್ಚು ರೇಷ್ಮೆ ತೆಗೆಯುವ ರಾಜ್ಯ ನಮ್ಮದು. ಈ ಹೆಸರಿನ ಬಗ್ಗೆ ನಮಗೆ ಕಾಳಜಿ ಇಲ್ಲದಿದ್ದರೆ ಇನ್ನಾರಿಗೆ ಇರಬೇಕು?

ಹಾಗಾದರೆ ಅಂಗಡಿಯಲ್ಲಿ ಏನು ಮಾಡಬೇಕು? ಕೇಂದ್ರ ರೇಷ್ಮೆ ಮಂಡಳಿಯ ಕಡೆಯಿಂದ 2004ರಿಂದ ಸಿಲ್ಕ್ ಮಾರ್ಕ್ ಎಂಬ ಗುರುತು ಇದೆ. ಆ ಲೇಬಲ್ ಇರುವ ಸೀರೆಯನ್ನೇ ಕೇಳಿ. ಮನೆಯಲ್ಲಿ ಪರೀಕ್ಷೆ ಮಾಡುವುದಾದರೆ ಒಂದೆರಡು ಎಳೆ ತೆಗೆದು, ಚಿಮಟದಲ್ಲಿ ಹಿಡಿದು, ಬೆಂಕಿ ತಾಗಿಸಿ. ರೇಷ್ಮೆ ನಿಧಾನವಾಗಿ ಉರಿಯುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ರೇಯಾನ್ ಕಾಗದದ ಹಾಗೆ ಭಗ್ಗನೆ ಉರಿಯುತ್ತದೆ, ವಾಸನೆಯೂ ಕಾಗದದ್ದೇ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಎಷ್ಟು ಒತ್ತಿದರೂ ಪುಡಿಯಾಗದು.

ಆದರೆ ಒಂದು ಎಚ್ಚರಿಕೆ. ಸೆರಗಿನ ಕೊನೆಯಲ್ಲಿ ಕುಚ್ಚು ಕಟ್ಟಲು ಬಿಟ್ಟಿರುವುದು ಬರೀ ಹಾಸಿನ ಎಳೆ, ಅಂದರೆ ಸೀರೆಯ ಉದ್ದಕ್ಕೆ ಹೋಗುವ ಎಳೆ. ಹಾಸಿನಲ್ಲಿ ಒಂದು ನೂಲು, ಅಡ್ಡಕ್ಕೆ ಬರುವ ಹೊಕ್ಕಿನಲ್ಲಿ ಇನ್ನೊಂದು ನೂಲು ಹಾಕಿ ನೇಯ್ದ ಸೀರೆಗಳೂ ಇರುತ್ತವೆ. ಇಳಕಲ್ ಸೀರೆಯಲ್ಲಂತೂ ಸೆರಗಿನ ಹಾಸನ್ನೇ ಬೇರೆಯಾಗಿ ಜೋಡಿಸಿರುತ್ತಾರೆ. ಆದ್ದರಿಂದ ರವಿಕೆ ಕಣದ ಕತ್ತರಿಸಿದ ಅಂಚಿನಲ್ಲಿ ಉದ್ದದ್ದೊಂದು, ಅಡ್ಡದ್ದೊಂದು ಎಳೆ ತೆಗೆದು ಎರಡನ್ನೂ ಬೇರೆ ಬೇರೆಯಾಗಿ ಸುಟ್ಟು ನೋಡಿ. ಇನ್ನು ಬಿಲ್ಲಿನಲ್ಲಿ ಸುಮ್ನೆ ‘ಸೀರೆ’ ಅಂತ ಬರೆದರೆ ಒಪ್ಪಬೇಡಿ. ‘ಪ್ಯೂರ್ ಸಿಲ್ಕ್’ ಅಂತಲೇ ಬರೆಸಿಕೊಳ್ಳಿ.

ನಮಸ್ಕಾರ.